ಯಂತ್ರ ಬದಲಾದರೂ ದಾಖಲೆ ಉಳಿಯಬೇಕು: ಕಚೇರಿ ಸರ್ವರ್ ಬದಲಾವಣೆಯಲ್ಲಿ ಸದಸ್ಯರ ಹೊಣೆ

ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ

ಪಾಠದ ಉದ್ದೇಶ: ಹಳೆಯ ಸರ್ವರ್ ಅಥವಾ ಮುಖ್ಯ ಗಣಕಯಂತ್ರದ ಬದಲಿಗೆ ಹೊಸದನ್ನು ಅಳವಡಿಸುವಾಗ ದಾಖಲೆಗಳಿಗೆ ಒದಗಬಹುದಾದ ಅಪಾಯವನ್ನು ಸದಸ್ಯರು ಅರಿಯುವುದು, ಹೊಸ ಯಂತ್ರ ಹಳೆಯ ಕೆಲಸಕ್ಕೆ ಹೊಂದಿಕೆಯಾಗುವುದೇ ಎಂಬುದನ್ನು ಪರಿಶೀಲಿಸುವ ಕ್ರಮವನ್ನು ತಿಳಿಯುವುದು, ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳನ್ನೂ ಕೈಗೊಳ್ಳಬೇಕಾದ ನಿರ್ಣಯವನ್ನೂ ಮನವರಿಕೆ ಮಾಡಿಕೊಳ್ಳುವುದು.

1. ಪೀಠಿಕೆ

ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ‘ಕಚೇರಿಗೆ ಹೊಸ ಗಣಕಯಂತ್ರ ಖರೀದಿಸುವ ಬಗ್ಗೆ’ ಎಂಬ ವಿಷಯ ಬಂದಾಗ ಚರ್ಚೆಯು ಸಾಮಾನ್ಯವಾಗಿ ಮೂರು ಅಂಶಗಳಿಗೆ ಸೀಮಿತವಾಗುತ್ತದೆ: ದರಪಟ್ಟಿ, ಖಾತರಿ ಅವಧಿ ಮತ್ತು ವೆಚ್ಚ ಭರಿಸಬೇಕಾದ ಲೆಕ್ಕಶೀರ್ಷಿಕೆ. ಇವು ಅಗತ್ಯವಾದ ಅಂಶಗಳೇ. ಆದರೆ ಹಳೆಯ ಯಂತ್ರದೊಳಗೆ ಏನಿದೆ, ಅದು ಹೊಸ ಯಂತ್ರಕ್ಕೆ ಹೇಗೆ ಹೋಗುತ್ತದೆ, ಹೋದದ್ದು ಸರಿಯಾಗಿದೆಯೆಂದು ಯಾರು ನೋಡುತ್ತಾರೆ ಎಂಬ ಪ್ರಶ್ನೆಗಳು ಬಹುತೇಕ ಕೇಳಿಬರುವುದಿಲ್ಲ. ಹೊಸ ಯಂತ್ರ ಮೇಜಿನ ಮೇಲೆ ಬರುತ್ತದೆ. ಹಳೆಯದು ದಾಸ್ತಾನು ಕೊಠಡಿಯ ಮೂಲೆ ಸೇರುತ್ತದೆ.

ಇದರ ಪರಿಣಾಮ ಕೂಡಲೇ ಕಾಣಿಸುವುದಿಲ್ಲ. ಎರಡು ವರ್ಷಗಳ ನಂತರ ಗ್ರಾಮದ ಒಬ್ಬ ವೃದ್ಧೆ ತನ್ನ ಪತಿಯ ಹೆಸರಿನಲ್ಲಿದ್ದ ಮನೆಯ ಖಾತೆ ಬದಲಾವಣೆಗೆ ಸಂಬಂಧಿಸಿದ ಹಳೆಯ ನಿರ್ಣಯದ ಪ್ರತಿಯನ್ನು ಕೇಳಿಕೊಂಡು ಕಚೇರಿಗೆ ಬರುತ್ತಾಳೆ ಎಂದು ಊಹಿಸಬಹುದು. ನಡಾವಳಿ ಪುಸ್ತಕದ ಆ ಪುಟಗಳು ಮಳೆಯ ತೇವಕ್ಕೆ ಹಾಳಾಗಿವೆ. ಸ್ಕ್ಯಾನ್ ಮಾಡಿದ ಪ್ರತಿ ಹಳೆಯ ಯಂತ್ರದಲ್ಲಿತ್ತು. ಆ ಯಂತ್ರ ಈಗ ಚಾಲೂ ಆಗುವುದಿಲ್ಲ. ಅದನ್ನು ನಿರ್ವಹಿಸುತ್ತಿದ್ದ ಡೇಟಾ ಎಂಟ್ರಿ ಆಪರೇಟರ್ ಬೇರೆ ಪಂಚಾಯಿತಿಗೆ ಹೋಗಿದ್ದಾರೆ. ‘ಸಿಸ್ಟಂನಲ್ಲಿ ಇಲ್ಲ’ ಎಂಬ ಒಂದು ಮಾತಿನಿಂದ ಆಕೆಯ ಹಕ್ಕಿನ ಆಧಾರವೇ ಕಳೆದುಹೋಗುತ್ತದೆ. ಯಂತ್ರವು ಪಂಚಾಯಿತಿಯ ಸರಕು. ದಾಖಲೆಯು ಜನರ ಸ್ವತ್ತು. ಈ ವ್ಯತ್ಯಾಸವೇ ಈ ಪಾಠದ ತಿರುಳು.

ಯಂತ್ರ ಬದಲಾವಣೆಯ ಪ್ರಶ್ನೆ ಈಗ ಅನೇಕ ಕಚೇರಿಗಳ ಮುಂದಿದೆ. ಸರ್ಕಾರಿ ಕಚೇರಿಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ವಿಂಡೋಸ್ 7 ಕಾರ್ಯಾಚರಣಾ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು 2020ರ ಜನವರಿ 14ರಂದು ಬೆಂಬಲ ನಿಲ್ಲಿಸಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಅಳವಡಿಸಲು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಇತ್ತೀಚಿನ ಪೀಳಿಗೆಯ ಸಂಸ್ಕಾರಕವೂ ಬೇಕಾಗಿರುವುದರಿಂದ, ಚೆನ್ನಾಗಿ ನಡೆಯುತ್ತಿರುವ ಹಳೆಯ ಯಂತ್ರಗಳನ್ನೂ ಬದಲಿಸಬೇಕಾದ ಸ್ಥಿತಿ ಬಂದಿದೆ. ಬೆಂಬಲ ನಿಂತ ಯಂತ್ರಕ್ಕೆ ಭದ್ರತಾ ತಿದ್ದುಪಡಿಗಳು ದೊರೆಯುವುದಿಲ್ಲ. ಅಂತಹ ಯಂತ್ರದಿಂದ ಹಣ ಪಾವತಿಯ ಕೆಲಸ ನಡೆಸುವುದು ಅಪಾಯಕರ. ಆದ್ದರಿಂದ ಬದಲಾವಣೆ ಅನಿವಾರ್ಯ. ಅದು ಕ್ರಮಬದ್ಧವಾಗಿ ನಡೆಯಬೇಕೆಂಬುದು ಅಷ್ಟೇ ಅನಿವಾರ್ಯ.

2. ಕಚೇರಿಯ ಯಂತ್ರದೊಳಗೆ ಏನಿದೆ?

ಇತರ ಯಂತ್ರಗಳಿಗೆ ಕಡತ, ಮುದ್ರಣ ಮೊದಲಾದ ಸೇವೆಗಳನ್ನು ಒದಗಿಸುವ ಗಣಕಯಂತ್ರವನ್ನು ಸರ್ವರ್ ಎನ್ನುತ್ತಾರೆ. ಗ್ರಾಮ ಪಂಚಾಯಿತಿಯಲ್ಲಿ ಪ್ರತ್ಯೇಕ ಸರ್ವರ್ ಇರಲೇಬೇಕೆಂದಿಲ್ಲ. ಸ್ಕ್ಯಾನರ್ ಮತ್ತು ಮುದ್ರಕ ಜೋಡಿಸಿರುವ, ಇತರ ಯಂತ್ರಗಳು ಕಡತಗಳಿಗಾಗಿ ಅವಲಂಬಿಸಿರುವ ಒಂದು ಸಾಮಾನ್ಯ ಗಣಕಯಂತ್ರವೇ ಸರ್ವರ್‌ನ ಕೆಲಸವನ್ನು ಮಾಡುತ್ತಿರುತ್ತದೆ.

‘ಪಂಚತಂತ್ರ, ಇ-ಸ್ವತ್ತು, ಇ-ಗ್ರಾಮ ಸ್ವರಾಜ್ ಎಲ್ಲವೂ ಅಂತರ್ಜಾಲದಲ್ಲಿವೆ, ಕಚೇರಿ ಯಂತ್ರ ಹಾಳಾದರೆ ನಷ್ಟವೇನು?’ ಎಂಬ ಅಭಿಪ್ರಾಯ ಪ್ರಚಲಿತವಿದೆ. ಇದು ಅರ್ಧ ಸತ್ಯ. ಆ ತಂತ್ರಾಂಶಗಳಲ್ಲಿ ನಮೂದಿಸಿದ ಮಾಹಿತಿಯು ಕೇಂದ್ರೀಕೃತ ಸರ್ವರ್‌ಗಳಲ್ಲಿ ಇರುತ್ತದೆ. ಅದರ ರಕ್ಷಣೆ ಆಯಾ ಇಲಾಖೆಯ ಹೊಣೆ. ಆದರೆ ಕೆಳಗಿನವು ಬಹುಮಟ್ಟಿಗೆ ಕಚೇರಿಯ ಯಂತ್ರದಲ್ಲಿಯೇ ಉಳಿದಿರುತ್ತವೆ:

• ಹಳೆಯ ನಡಾವಳಿ, ತೆರಿಗೆ ವಹಿ ಮತ್ತು ಅರ್ಜಿಗಳ ಸ್ಕ್ಯಾನ್ ಪ್ರತಿಗಳು;
• ತೆರಿಗೆ ಬೇಡಿಕೆ, ವಸೂಲಿ ಮತ್ತು ಬಾಕಿಯ ಹಳೆಯ ವರ್ಷಗಳ ಪಟ್ಟಿಗಳು;
• ಕಾಮಗಾರಿಗಳ ಅಂದಾಜು ಪತ್ರಿಕೆ, ಅಳತೆಯ ವಿವರ ಮತ್ತು ಛಾಯಾಚಿತ್ರಗಳು;
• ಗ್ರಾಮ ಸಭೆ ಹಾಗೂ ವಾರ್ಡ್ ಸಭೆಗಳಲ್ಲಿ ಸಿದ್ಧಪಡಿಸಿದ ಫಲಾನುಭವಿಗಳ ಪಟ್ಟಿಗಳು;
• ನೀರಿನ ಸಂಪರ್ಕ, ಬೀದಿ ದೀಪ, ಮಳಿಗೆ ಬಾಡಿಗೆಗಳ ಕುರಿತು ಸಿಬ್ಬಂದಿ ತಾವೇ ರೂಪಿಸಿಕೊಂಡ ಲೆಕ್ಕಪಟ್ಟಿಗಳು;
• ಪತ್ರವ್ಯವಹಾರ, ಲೆಕ್ಕ ಪರಿಶೋಧನೆಯ ಆಕ್ಷೇಪಣೆಗಳಿಗೆ ನೀಡಿದ ಅನುಪಾಲನಾ ವರದಿಗಳು.

ಇವುಗಳಲ್ಲಿ ಅನೇಕಕ್ಕೆ ಬೇರೆಲ್ಲಿಯೂ ಪ್ರತಿ ಇರುವುದಿಲ್ಲ. ಕೇಂದ್ರ ಸರ್ವರ್‌ನಲ್ಲಿರುವ ನಮೂದಿಗೆ ವಿವಾದ ಉಂಟಾದಾಗ ಮೂಲ ಆಧಾರವಾಗಿ ನೋಡಬೇಕಾದುದು ಇವನ್ನೇ.

ಗಣಕೀಕೃತ ದಾಖಲೆಯೇ ಏಕೈಕ ದಾಖಲೆಯಾಗುವ ಹಂತವನ್ನು ಕರ್ನಾಟಕವು ಬಹಳ ಹಿಂದೆಯೇ ಕಂಡಿದೆ. ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿ ದಾಖಲೆಗಳನ್ನು ಗಣಕೀಕರಿಸಲಾಯಿತು. ಆರಂಭದಲ್ಲಿ ತಾಲ್ಲೂಕು ಕಚೇರಿಗಳಲ್ಲಿಯೇ ಸರ್ವರ್‌ಗಳಿದ್ದವು. ಅನಂತರ ಕೈಬರಹದ ಪಹಣಿಗೆ ಮಾನ್ಯತೆ ರದ್ದಾಯಿತು. ಕಾಗದದ ಪ್ರತಿಗೆ ಮಾನ್ಯತೆ ಇಲ್ಲದಿರುವಾಗ ಯಂತ್ರದಲ್ಲಿರುವ ದಾಖಲೆಯನ್ನು ಕಳೆದುಕೊಳ್ಳುವುದೆಂದರೆ ಮೂಲ ದಾಖಲೆಯನ್ನೇ ಕಳೆದುಕೊಂಡಂತೆ.

3. ಒಂದು ಪೆಟ್ಟಿಗೆಯೊಳಗೆ ಎರಡು ಯಂತ್ರ: ಒಂದು ನಿದರ್ಶನ

ಯಂತ್ರ ಬದಲಾದರೂ ದಾಖಲೆಗೆ ಧಕ್ಕೆಯಾಗದಂತೆ ವ್ಯವಸ್ಥೆ ರೂಪಿಸಬಹುದು ಎಂಬುದಕ್ಕೆ ಗಣಕಯಂತ್ರಗಳ ಇತಿಹಾಸದಲ್ಲಿಯೇ ಉತ್ತಮ ನಿದರ್ಶನವಿದೆ. ಐಬಿಎಂ ಸಂಸ್ಥೆಯು 1988ರ ಜೂನ್‌ನಲ್ಲಿ ಎಎಸ್/400 ಎಂಬ ಮಧ್ಯಮ ಗಾತ್ರದ ಗಣಕಯಂತ್ರವನ್ನು ಬಿಡುಗಡೆ ಮಾಡಿತು. ಅಮೆರಿಕದ ಮಿನ್ನೆಸೋಟ ರಾಜ್ಯದ ರಾಚೆಸ್ಟರ್‌ನಲ್ಲಿ ರೂಪುಗೊಂಡ ಈ ಯಂತ್ರವು ಬ್ಯಾಂಕು, ಕಾರ್ಖಾನೆ ಮತ್ತು ವ್ಯಾಪಾರ ಸಂಸ್ಥೆಗಳಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಬಳಕೆಯಾಯಿತು. ಮುಂದೆ ಇದೇ ಯಂತ್ರದ ಒಡಲೊಳಗೆ ಇಂಟೆಲ್ ಸಂಸ್ಕಾರಕವುಳ್ಳ ಪ್ರತ್ಯೇಕ ಫಲಕವೊಂದನ್ನು ಕೂಡಿಸಿ, ಅದರಲ್ಲಿ ವಿಂಡೋಸ್ ಸರ್ವರ್ ನಡೆಸುವ ವ್ಯವಸ್ಥೆ ಬಂದಿತು. ಇದನ್ನು ಸಂಯೋಜಿತ ಸರ್ವರ್ ಎಂದು ಕರೆಯಬಹುದು.

ಈ ವ್ಯವಸ್ಥೆಯಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು, ವಿಂಡೋಸ್ ನಡೆಸುವ ಫಲಕಕ್ಕೆ ತನ್ನದೇ ಆದ ಡಿಸ್ಕ್ ಇರಲಿಲ್ಲ. ಅದರ ಮಾಹಿತಿಯೆಲ್ಲ ಮುಖ್ಯ ಯಂತ್ರದ ಡಿಸ್ಕ್‌ಗಳಲ್ಲಿ ಮೀಸಲಿಟ್ಟ ಜಾಗದಲ್ಲಿರುತ್ತಿತ್ತು. ಎರಡನೆಯದು, ಯಾವ ಸರ್ವರ್ ಯಾವ ಫಲಕದ ಮೇಲೆ ನಡೆಯಬೇಕು, ಯಾವ ಡಿಸ್ಕ್ ಜಾಗವನ್ನು ಬಳಸಬೇಕು ಎಂಬ ವಿವರಣೆಯನ್ನು ಮುಖ್ಯ ಯಂತ್ರದಲ್ಲಿ ಪ್ರತ್ಯೇಕವಾಗಿ ದಾಖಲಿಸಲಾಗಿತ್ತು. ಫಲಕ ಕೆಟ್ಟುಹೋದರೆ ಅಥವಾ ಹಳತಾದರೆ, ಸರ್ವರ್ ಅನ್ನು ನಿಲ್ಲಿಸಿ, ಆ ವಿವರಣೆಯಲ್ಲಿ ಹಳೆಯ ಫಲಕದ ಹೆಸರಿನ ಬದಲು ಹೊಂದಿಕೆಯಾಗುವ ಹೊಸ ಫಲಕದ ಹೆಸರನ್ನು ನಮೂದಿಸಿ ಮತ್ತೆ ಚಾಲನೆಗೊಳಿಸಬಹುದಿತ್ತು. ಮಾಹಿತಿಯನ್ನು ಇದ್ದ ಸ್ಥಳದಿಂದ ಕದಲಿಸುವ ಅಗತ್ಯವೇ ಇರಲಿಲ್ಲ. ಗ್ರಾಮದ ಶಾಲೆಯ ದಾಖಲಾತಿ ಪುಸ್ತಕ ಕಪಾಟಿನಲ್ಲಿಯೇ ಇದ್ದು ಮುಖ್ಯೋಪಾಧ್ಯಾಯರು ಮಾತ್ರ ಬದಲಾದಂತೆ ಇದು.

ಆದರೆ ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯಲ್ಲಿಯೂ ತೊಡಕುಗಳು ಇದ್ದವು. ಹೊಸ ಫಲಕದ ಜಾಲಬಂಧ ಸಾಧನ ಬೇರೆಯಾದಾಗ ಹಳೆಯದಕ್ಕೆ ನೀಡಿದ್ದ ಜಾಲಬಂಧ ವಿಳಾಸ ಹೊಸದಕ್ಕೆ ತಾನಾಗಿ ವರ್ಗವಾಗುತ್ತಿರಲಿಲ್ಲ. ಅದನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕಾಗಿತ್ತು. ಹೊಸ ಫಲಕವನ್ನು ಗುರುತಿಸಬಲ್ಲ ತಂತ್ರಾಂಶವನ್ನು ಹಳೆಯ ಫಲಕ ನಡೆಯುತ್ತಿರುವಾಗಲೇ ಅಳವಡಿಸಿಕೊಳ್ಳಬೇಕಾಗಿತ್ತು. ಮುಂದೆ ಐಬಿಎಂ ತನ್ನ ಕಾರ್ಯಾಚರಣಾ ವ್ಯವಸ್ಥೆಯ ನಂತರದ ಆವೃತ್ತಿಗಳಲ್ಲಿ ಈ ಒಳಫಲಕಗಳಿಗೆ ಬೆಂಬಲ ನಿಲ್ಲಿಸಿದಾಗ, ಬಳಕೆದಾರರು ಹೊರಗಿನಿಂದ ಜೋಡಿಸುವ ಸರ್ವರ್‌ಗಳಿಗೆ ವರ್ಗವಾಗಬೇಕಾಯಿತು.

ಈ ನಿದರ್ಶನದಿಂದ ಗ್ರಾಮ ಪಂಚಾಯಿತಿಗೆ ದೊರೆಯುವ ಪಾಠಗಳು ಮೂರು. ದಾಖಲೆಯನ್ನು ಯಂತ್ರದಿಂದ ಪ್ರತ್ಯೇಕವಾಗಿ ಇಡಬೇಕು. ಯಂತ್ರದ ಜೋಡಣೆಯ ವಿವರಣೆ ಲಿಖಿತವಾಗಿರಬೇಕು. ಹೊಂದಾಣಿಕೆಯನ್ನು ಹಳೆಯ ಯಂತ್ರ ಜೀವಂತವಿರುವಾಗಲೇ ಪರೀಕ್ಷಿಸಬೇಕು.

4. ‘ಹೊಂದಿಕೆಯಾಗುವ ಯಂತ್ರ’ ಎಂದರೇನು?

ಹೊಸ ಯಂತ್ರವು ವೇಗವಾಗಿದ್ದ ಮಾತ್ರಕ್ಕೆ ಹಳೆಯ ಕೆಲಸಕ್ಕೆ ಹೊಂದಿಕೆಯಾಗುವುದಿಲ್ಲ. ಐದು ಬಗೆಯ ಹೊಂದಾಣಿಕೆಯನ್ನು ಪರಿಶೀಲಿಸಬೇಕು.

ಮೊದಲನೆಯದು, ಜೋಡಣಾ ಸಾಧನಗಳು. ಮುದ್ರಕ, ಸ್ಕ್ಯಾನರ್, ಬೆರಳಚ್ಚು ಸಾಧನ ಇವು ಪ್ರತಿಯೊಂದಕ್ಕೂ ಯಂತ್ರದೊಡನೆ ವ್ಯವಹರಿಸಲು ಡ್ರೈವರ್ ಎಂಬ ಕಿರು ತಂತ್ರಾಂಶ ಬೇಕು. ವಿಂಡೋಸ್ 11 ಕೇವಲ 64 ಬಿಟ್ ಆವೃತ್ತಿಯಲ್ಲಿ ದೊರೆಯುತ್ತದೆ. 32 ಬಿಟ್ ಯಂತ್ರಗಳಿಗಾಗಿ ಬರೆದ ಹಳೆಯ ಡ್ರೈವರ್‌ಗಳು ಅದರಲ್ಲಿ ನಡೆಯುವುದಿಲ್ಲ. ತಯಾರಕರು ಹೊಸ ಡ್ರೈವರ್ ನೀಡದಿದ್ದರೆ ಸುಸ್ಥಿತಿಯಲ್ಲಿರುವ ಮುದ್ರಕವೂ ನಿರುಪಯುಕ್ತವಾಗುತ್ತದೆ. ಈ ವೆಚ್ಚ ಯಂತ್ರದ ದರಪಟ್ಟಿಯಲ್ಲಿ ಕಾಣಿಸುವುದಿಲ್ಲ.

ಎರಡನೆಯದು, ಡಿಜಿಟಲ್ ಸಹಿ. ಅಧ್ಯಕ್ಷರ ಹಾಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಡಿಜಿಟಲ್ ಸಹಿ ಯುಎಸ್‌ಬಿ ಟೋಕನ್‌ನಲ್ಲಿರುತ್ತದೆ. ಅದರೊಳಗಿನ ರಹಸ್ಯ ಕೀಲಿಯನ್ನು ಪ್ರತಿ ಮಾಡಿ ಬೇರೆ ಯಂತ್ರಕ್ಕೆ ಹಾಕಲಾಗುವುದಿಲ್ಲ. ಹೊಸ ಯಂತ್ರದಲ್ಲಿ ಟೋಕನ್‌ನ ಡ್ರೈವರ್ ಅಳವಡಿಸಿ ಟೋಕನ್ನನ್ನೇ ಜೋಡಿಸಬೇಕು. ಯಂತ್ರ ಬದಲಾವಣೆಯ ನೆಪದಲ್ಲಿ ಟೋಕನ್ ಮತ್ತು ಅದರ ಪಿನ್ ಸಂಖ್ಯೆಯನ್ನು ಸರಬರಾಜುದಾರರ ಕೈಗೆ ಒಪ್ಪಿಸುವುದು ಸಹಿ ಮಾಡಿದ ಖಾಲಿ ಚೆಕ್ ಕೊಟ್ಟಂತೆ. ಸಹಿಯ ಕೀಲಿಯನ್ನು ಕಾಪಾಡುವ ಹೊಣೆ ಸಹಿದಾರರದೇ ಎಂದು 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 42ನೆಯ ಪ್ರಕರಣ ಹೇಳುತ್ತದೆ. ಟೋಕನ್ ಬಳಸಿ ಪರೀಕ್ಷೆ ನಡೆಸುವಾಗ ಸಹಿದಾರರು ಸ್ವತಃ ಹಾಜರಿರಬೇಕು.

ಮೂರನೆಯದು, ಕನ್ನಡ ಅಕ್ಷರಗಳು. ಈ ಅಂಶವನ್ನು ಹೊರಗಿನ ಸರಬರಾಜುದಾರರು ಗಮನಿಸುವುದೇ ಅಪರೂಪ. ಹಿಂದಿನ ಕಡತಗಳು ಬಹುಮಟ್ಟಿಗೆ ನುಡಿ ಅಥವಾ ಬರಹದ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಸಿದ್ಧವಾದವು. ಅವುಗಳಲ್ಲಿ ಕನ್ನಡದ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತ ಸ್ಥಾನಗಳಲ್ಲಿಯೇ ಕೂರಿಸಲಾಗಿತ್ತು. ಹೊಸ ಯಂತ್ರದಲ್ಲಿ ಆ ಅಕ್ಷರ ವಿನ್ಯಾಸ ಇಲ್ಲದಿದ್ದರೆ ಕಡತ ತೆರೆದರೂ ಫಲಾನುಭವಿಯ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಇದಕ್ಕೆ ಪರಿಹಾರ ಎರಡು: ಹಳೆಯ ಅಕ್ಷರ ವಿನ್ಯಾಸವನ್ನು ಹೊಸ ಯಂತ್ರದಲ್ಲಿಯೂ ಅಳವಡಿಸುವುದು, ಮತ್ತು ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವುದು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಮತ್ತು ದೀರ್ಘಗಳು ಪಲ್ಲಟವಾಗುವ ಸಂಭವವಿದೆ. ‘ಕೃಷ್ಣಪ್ಪ’ ಮತ್ತು ‘ಕೃಷ್ಣಾಪ್ಪ’ ಓದುಗರಿಗೆ ಒಂದೇ ಎನಿಸಬಹುದು. ಬ್ಯಾಂಕ್ ಖಾತೆಯ ಹೆಸರಿನೊಡನೆ ಹೋಲಿಸುವಾಗ ಅವು ಎರಡು. ಆದ್ದರಿಂದ ಪರಿವರ್ತಿತ ಪ್ರತಿಯೊಡನೆ ಮೂಲ ಕಡತವನ್ನೂ ಉಳಿಸಬೇಕು. ಹೆಸರು ಮತ್ತು ಸ್ವತ್ತಿನ ಸಂಖ್ಯೆಗಳನ್ನು ಕಣ್ಣಾರೆ ತಾಳೆ ನೋಡಬೇಕು.

ನಾಲ್ಕನೆಯದು, ಬೀಗ ಮತ್ತು ಕೀಲಿಗಳು. ಇತ್ತೀಚಿನ ಯಂತ್ರಗಳು ಡಿಸ್ಕ್ ಅನ್ನು ಗೂಢಲಿಪಿಯಲ್ಲಿ ಇಡುತ್ತವೆ. ಅಂತಹ ಡಿಸ್ಕ್ ಅನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿದರೆ ಮರುಪ್ರಾಪ್ತಿ ಕೀಲಿಯನ್ನು ಕೇಳುತ್ತದೆ. ಆ ಕೀಲಿಯು ಆಪರೇಟರ್ ಅವರ ಖಾಸಗಿ ಇ-ಮೇಲ್ ಖಾತೆಯಲ್ಲಿದ್ದರೆ, ಅವರು ಕೆಲಸ ಬಿಟ್ಟ ದಿನ ಪಂಚಾಯಿತಿಯ ದಾಖಲೆಗೂ ಬೀಗ ಬಿದ್ದಂತೆ. ಲಾಗಿನ್‌ಗಳಿಗೆ ಬರುವ ಒಟಿಪಿ ಸಿಬ್ಬಂದಿಯ ಖಾಸಗಿ ದೂರವಾಣಿಗೆ ಜೋಡಣೆಯಾಗಿದ್ದರೂ ಇದೇ ಅಪಾಯ. ಯಂತ್ರ ಬದಲಿಸುವ ಸಂದರ್ಭವು ಇಂತಹ ಜೋಡಣೆಗಳನ್ನು ಸರಿಪಡಿಸಲು ತಕ್ಕ ಸಮಯ.

ಐದನೆಯದು, ಜಾಲಬಂಧ ಮತ್ತು ವಿದ್ಯುತ್. ಯಂತ್ರದ ಜಾಲಬಂಧ ವಿಳಾಸ ಬದಲಾದರೆ ಇತರ ಯಂತ್ರಗಳಿಗೆ ಹಂಚಿಕೆಯ ಮುದ್ರಕ ಮತ್ತು ಕಡತಗಳು ಕಾಣುವುದಿಲ್ಲ. ಹೊಸ ಯಂತ್ರವನ್ನು ಹಳೆಯ, ನಿತ್ರಾಣಗೊಂಡ ಬ್ಯಾಟರಿಯ ಯುಪಿಎಸ್‌ಗೆ ಜೋಡಿಸಿದರೆ ಪ್ರತಿ ಮಾಡುತ್ತಿರುವಾಗಲೇ ವಿದ್ಯುತ್ ಕಡಿತಗೊಂಡು ಕಡತಗಳು ಕೆಡಬಹುದು.

5. ಬದಲಾವಣೆಯ ಕ್ರಮ

ಹಂತ 1: ಪಟ್ಟಿ. ಹಳೆಯ ಯಂತ್ರದಲ್ಲಿರುವ ಕಡತಕೋಶಗಳು, ತಂತ್ರಾಂಶಗಳು ಮತ್ತು ಜೋಡಣಾ ಸಾಧನಗಳ ಪಟ್ಟಿಯನ್ನು ಸಿದ್ಧಪಡಿಸಬೇಕು. ಕಡತಗಳ ಸಂಖ್ಯೆ ಮತ್ತು ಒಟ್ಟು ಗಾತ್ರವನ್ನು ಬರೆದಿಡಬೇಕು. ಇದರೊಡನೆ ಯಂತ್ರದ ಹೆಸರು, ಜಾಲಬಂಧ ವಿಳಾಸ, ಮುದ್ರಕದ ಮಾದರಿ, ಅಕ್ಷರ ವಿನ್ಯಾಸಗಳು ಮೊದಲಾದ ವಿವರಗಳ ‘ಯಂತ್ರ ವಿವರಣಾ ಪತ್ರ’ ಒಂದು ಪುಟದಲ್ಲಿರಲಿ. ಸಂಯೋಜಿತ ಸರ್ವರ್‌ನಲ್ಲಿ ವಿವರಣೆ ಮಾಡುತ್ತಿದ್ದ ಕೆಲಸವನ್ನು ಕಚೇರಿಯಲ್ಲಿ ಈ ಪತ್ರ ಮಾಡುತ್ತದೆ. ಗುಪ್ತಪದಗಳನ್ನು ಈ ಪತ್ರದಲ್ಲಿ ಬರೆಯಬಾರದು.

ಹಂತ 2: ಬ್ಯಾಕಪ್ ಪ್ರತಿ. ಮೂರು–ಎರಡು–ಒಂದು ಎಂಬ ನಿಯಮ ನೆನಪಿಡಲು ಸುಲಭ: ದಾಖಲೆಯ ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಕಟ್ಟಡದಲ್ಲಿ. ಒಂದೇ ಕೊಠಡಿಯಲ್ಲಿರುವ ಮೂರು ಪ್ರತಿಗಳು ಒಂದೇ ಸಿಡಿಲಿಗೆ, ಒಂದೇ ನೆರೆಗೆ, ಒಂದೇ ಕಳ್ಳತನಕ್ಕೆ ತುತ್ತಾಗಬಹುದು.

ಹಂತ 3: ಬ್ಯಾಕಪ್ ಪ್ರತಿಯ ಪರೀಕ್ಷೆ. ತೆಗೆದ ಪ್ರತಿಯನ್ನು ಮತ್ತೊಂದು ಯಂತ್ರದಲ್ಲಿ ತೆರೆದು ನೋಡಬೇಕು. ವರ್ಷಕ್ಕೆ ಕೆಲವಂತೆ ಹಳೆಯ ಮತ್ತು ಹೊಸ ಕಡತಗಳನ್ನು ಆರಿಸಿ ಓದಬೇಕು. ತೆರೆದು ನೋಡದ ಬ್ಯಾಕಪ್ ಪ್ರತಿಯನ್ನು ಪ್ರತಿ ಎಂದು ಎಣಿಸಬಾರದು.

ಹಂತ 4: ದಿನಾಂಕದ ಆಯ್ಕೆ. ಮಾರ್ಚ್ ತಿಂಗಳ ಲೆಕ್ಕ ಮುಕ್ತಾಯ, ಕೂಲಿ ಪಾವತಿಯ ಗಡುವು, ಲೆಕ್ಕ ಪರಿಶೋಧನೆಯ ದಿನಗಳು ಇವುಗಳಲ್ಲಿ ಯಂತ್ರ ಬದಲಿಸಬಾರದು. ಕೂಲಿಕಾರರ ಹಣ ಒಂದು ವಾರ ತಡವಾದರೆ ಅದರ ಭಾರ ಬೀಳುವುದು ಅವರ ಅಡುಗೆಮನೆಯ ಮೇಲೆ.

ಹಂತ 5: ವರ್ಗಾವಣೆ ಮತ್ತು ತಾಳೆ. ಕಡತಗಳನ್ನು ಹೊಸ ಯಂತ್ರಕ್ಕೆ ಪ್ರತಿ ಮಾಡಿದ ಮೇಲೆ ಸಂಖ್ಯೆ ಮತ್ತು ಗಾತ್ರವನ್ನು ಹಂತ 1ರ ಪಟ್ಟಿಯೊಡನೆ ತಾಳೆ ನೋಡಬೇಕು. ಮೂಲ ಕಡತಗಳನ್ನು ಹಳೆಯ ಯಂತ್ರದಿಂದ ‘ಕಟ್’ ಮಾಡಿ ಸಾಗಿಸದೆ ‘ಕಾಪಿ’ ಮಾಡಬೇಕು. ದಾಖಲೆಗಳನ್ನು ಕಾರ್ಯಾಚರಣಾ ವ್ಯವಸ್ಥೆ ಇರುವ ಭಾಗದಲ್ಲಿಡದೆ ಪ್ರತ್ಯೇಕ ಡಿಸ್ಕ್ ಅಥವಾ ಡಿಸ್ಕ್‌ನ ಪ್ರತ್ಯೇಕ ಭಾಗದಲ್ಲಿಟ್ಟರೆ ಮುಂದಿನ ಬದಲಾವಣೆ ಸುಲಭವಾಗುತ್ತದೆ.

ಹಂತ 6: ಜೋಡಿ ಚಾಲನೆ. ಕನಿಷ್ಠ ಒಂದು ತಿಂಗಳು ಹಳೆಯ ಯಂತ್ರವನ್ನು ಕೆಲಸ ಮಾಡುವ ಸ್ಥಿತಿಯಲ್ಲಿ ಉಳಿಸಿಕೊಳ್ಳುವುದು ಒಳಿತು. ತಿಂಗಳೊಂದರಲ್ಲಿ ತೆರಿಗೆ ರಸೀದಿ, ಪಾವತಿ, ಸಭೆಯ ನೋಟೀಸು, ಪ್ರಮಾಣಪತ್ರ ಎಲ್ಲ ಬಗೆಯ ಕೆಲಸಗಳೂ ಒಮ್ಮೆಯಾದರೂ ಬರುತ್ತವೆ. ಬಿಟ್ಟುಹೋದದ್ದು ಆಗ ಬೆಳಕಿಗೆ ಬರುತ್ತದೆ. ಆದರೆ ಹೊಸ ನಮೂದುಗಳು ಹೊಸ ಯಂತ್ರದಲ್ಲಿ ಮಾತ್ರ ಆಗಬೇಕು. ಎರಡರಲ್ಲಿಯೂ ಬರೆದರೆ ಯಾವುದು ಅಂತಿಮ ಎಂಬ ಗೊಂದಲ ಉಂಟಾಗುತ್ತದೆ.

ಹಂತ 7: ವರದಿ ಮತ್ತು ಅನುಮೋದನೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರು ತಾಳೆ ವರದಿಯನ್ನು ಸಾಮಾನ್ಯ ಸಭೆಯಲ್ಲಿ ಮಂಡಿಸಬೇಕು. ಸಭೆ ಒಪ್ಪಿದ ನಂತರವೇ ಹಳೆಯ ಯಂತ್ರದ ವಿಲೇವಾರಿ ನಡೆಯಬೇಕು.

6. ಪ್ರಶ್ನೆ ಕೇಳದಿದ್ದರೆ ಏನಾಗುತ್ತದೆ?

ಪರಿಣತ ತಂತ್ರಜ್ಞರಿರುವ ದೊಡ್ಡ ಸಂಸ್ಥೆಗಳೂ ಈ ಕ್ರಮವನ್ನು ಮೀರಿ ತೊಂದರೆಗೆ ಸಿಲುಕಿವೆ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ಸುಮಾರು 52 ಲಕ್ಷ ಗ್ರಾಹಕರ ಮಾಹಿತಿಯನ್ನು 2018ರ ಏಪ್ರಿಲ್ ತಿಂಗಳ ಒಂದು ವಾರಾಂತ್ಯದಲ್ಲಿ ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಒಮ್ಮೆಗೇ ವರ್ಗಾಯಿಸಿತು. ಮಾಹಿತಿ ತಲುಪಿತು, ಆದರೆ ಹೊಸ ವ್ಯವಸ್ಥೆ ಕೆಲಸ ಮಾಡಲಿಲ್ಲ. ಸುಮಾರು 19 ಲಕ್ಷ ಗ್ರಾಹಕರು ತಮ್ಮ ಖಾತೆಯನ್ನು ನೋಡಲಾಗದ ಸ್ಥಿತಿ ಉಂಟಾಯಿತು. ಸಂಪೂರ್ಣವಾಗಿ ಸಹಜ ಸ್ಥಿತಿಗೆ ಮರಳಲು ಅದೇ ವರ್ಷದ ಡಿಸೆಂಬರ್ ಬರಬೇಕಾಯಿತು. 2022ರ ಡಿಸೆಂಬರ್‌ನಲ್ಲಿ ನಿಯಂತ್ರಕರು ಬ್ಯಾಂಕಿಗೆ 4 ಕೋಟಿ 86 ಲಕ್ಷ 50 ಸಾವಿರ ಪೌಂಡ್ ದಂಡ ವಿಧಿಸಿದರು.

ಇದರ ಕುರಿತು 2019ರಲ್ಲಿ ಪ್ರಕಟವಾದ ಸ್ವತಂತ್ರ ವಿಚಾರಣಾ ವರದಿಯು ಎರಡು ಸಂಗತಿಗಳನ್ನು ಎತ್ತಿ ತೋರಿಸಿತು. ಹೊಸ ವ್ಯವಸ್ಥೆಗೆ ಎರಡು ದತ್ತಾಂಶ ಕೇಂದ್ರಗಳಿದ್ದರೂ ಕಾರ್ಯಸಾಮರ್ಥ್ಯದ ಪರೀಕ್ಷೆಯನ್ನು ಒಂದರಲ್ಲಿ ಮಾತ್ರ ನಡೆಸಲಾಗಿತ್ತು. ಕಾಲಮಿತಿ ಮತ್ತು ಸಿದ್ಧತೆಯ ಬಗ್ಗೆ ಆಡಳಿತ ಮಂಡಳಿಯು ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಸಾಕಷ್ಟು ಕೇಳಿರಲಿಲ್ಲ. ಎರಡನೆಯ ಸಂಗತಿ ಚುನಾಯಿತ ಸದಸ್ಯರಿಗೆ ಮುಖ್ಯವಾದುದು. ಮಂಡಳಿಯ ಸದಸ್ಯರಿಂದ ನಿರೀಕ್ಷಿತವಾಗಿದ್ದುದು ತಾಂತ್ರಿಕ ಪಾಂಡಿತ್ಯವಲ್ಲ, ‘ಎಲ್ಲವನ್ನೂ ಪರೀಕ್ಷಿಸಲಾಗಿದೆಯೇ? ಸಾಕ್ಷ್ಯವೇನು?’ ಎಂಬ ಸಾಮಾನ್ಯ ವಿವೇಕದ ಪ್ರಶ್ನೆ.

ಬ್ಯಾಕಪ್ ಪ್ರತಿಯ ಪರೀಕ್ಷೆಯ ಮಹತ್ವಕ್ಕೆ ಮತ್ತೊಂದು ಘಟನೆ ಸಾಕ್ಷಿ. ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯಲ್ಲಿ 2017ರ ಜನವರಿ 31ರಂದು ತಂತ್ರಜ್ಞರೊಬ್ಬರು ಕಣ್ತಪ್ಪಿನಿಂದ ಮುಖ್ಯ ಸರ್ವರ್‌ನ ದತ್ತಸಂಚಯವನ್ನೇ ಅಳಿಸಿದರು. ಬ್ಯಾಕಪ್‌ಗೆ ಹಲವು ಏರ್ಪಾಡುಗಳಿದ್ದವು. ಹುಡುಕಿದಾಗ ನಿತ್ಯದ ಬ್ಯಾಕಪ್ ಪ್ರತಿಗಳೇ ಇರಲಿಲ್ಲ. ಪ್ರತಿ ತೆಗೆಯುವ ತಂತ್ರಾಂಶದ ಆವೃತ್ತಿಯು ದತ್ತಸಂಚಯದ ಆವೃತ್ತಿಗೆ ಹೊಂದಿಕೆಯಾಗದೆ ಆ ಕೆಲಸ ಪ್ರತಿದಿನವೂ ವಿಫಲವಾಗುತ್ತಿತ್ತು. ವೈಫಲ್ಯದ ಸೂಚನೆಯ ಇ-ಮೇಲ್‌ಗಳೂ ಸಿಬ್ಬಂದಿಗೆ ತಲುಪುತ್ತಿರಲಿಲ್ಲ. ಘಟನೆಗೆ ಸುಮಾರು 6 ಗಂಟೆ ಮೊದಲು ಬೇರೊಂದು ಕೆಲಸಕ್ಕಾಗಿ ಕೈಯಿಂದ ತೆಗೆದಿಟ್ಟ ಒಂದು ಪ್ರತಿ ಇದ್ದುದರಿಂದ ಉಳಿದದ್ದು ಉಳಿಯಿತು. ಆ 6 ಗಂಟೆಗಳ ಮಾಹಿತಿ ಮರಳಿ ಬರಲಿಲ್ಲ.

7. ಕಾನೂನಿನ ಹೊಣೆ

ದಾಖಲೆಯ ರಕ್ಷಣೆ ಸದ್ಭಾವನೆಯ ವಿಷಯ ಮಾತ್ರವಲ್ಲ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 7ನೆಯ ಪ್ರಕರಣದಂತೆ, ಕಾನೂನಿನ ಪ್ರಕಾರ ಉಳಿಸಬೇಕಾದ ದಾಖಲೆಯನ್ನು ವಿದ್ಯುನ್ಮಾನ ರೂಪದಲ್ಲಿ ಉಳಿಸುವುದಾದರೆ ಅದು ಮುಂದೆ ಪರಾಮರ್ಶೆಗೆ ದೊರೆಯುವಂತಿರಬೇಕು. ಮೂಲ ಮಾಹಿತಿಯನ್ನು ನಿಖರವಾಗಿ ತೋರಿಸುವಂತಿರಬೇಕು. ಚಾಲೂ ಆಗದ ಯಂತ್ರದೊಳಗಿನ ಕಡತ ಅಥವಾ ಅಕ್ಷರ ಕೆಟ್ಟ ಕಡತ ಈ ಅಗತ್ಯವನ್ನು ಪೂರೈಸುವುದಿಲ್ಲ. 2005ರ ಮಾಹಿತಿ ಹಕ್ಕು ಅಧಿನಿಯಮದ 4(1)(ಎ) ಪ್ರಕರಣವು ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ದಾಖಲೆಗಳನ್ನು ಪಟ್ಟಿ ಹಾಗೂ ಸೂಚಿಯೊಡನೆ ನಿರ್ವಹಿಸಬೇಕೆಂದು ವಿಧಿಸುತ್ತದೆ. ಖರೀದಿಯಲ್ಲಿ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ ಉಪಬಂಧಗಳನ್ನು ಪಾಲಿಸಬೇಕು. ಸರಬರಾಜು ಆದೇಶದಲ್ಲಿಯೇ ದಾಖಲೆ ವರ್ಗಾವಣೆ, ತಾಳೆ ಮತ್ತು ಡ್ರೈವರ್ ಅಳವಡಿಕೆಯನ್ನು ಷರತ್ತಾಗಿ ಸೇರಿಸಿದರೆ ನಂತರ ವಿವಾದಕ್ಕೆ ಎಡೆಯಿರುವುದಿಲ್ಲ.

8. ಹಳೆಯ ಯಂತ್ರದ ವಿಲೇವಾರಿ

ಕಡತವನ್ನು ಅಳಿಸಿ, ಮರುಬಳಕೆ ಬುಟ್ಟಿಯನ್ನೂ ಖಾಲಿ ಮಾಡಿದರೆ ಮಾಹಿತಿ ಹೋಯಿತೆಂದು ಭಾವಿಸುವುದು ತಪ್ಪು. ಸಾಮಾನ್ಯವಾಗಿ ಅಳಿಸಿದಾಗ ಹೋಗುವುದು ಕಡತದ ವಿಳಾಸ ಮಾತ್ರ. ಮಾಹಿತಿ ಡಿಸ್ಕ್‌ನಲ್ಲಿಯೇ ಇದ್ದು, ಸುಲಭವಾಗಿ ದೊರೆಯುವ ತಂತ್ರಾಂಶಗಳಿಂದ ಅದನ್ನು ಹೊರತೆಗೆಯಬಹುದು. ಹಳೆಯ ಯಂತ್ರದಲ್ಲಿ ಗ್ರಾಮಸ್ಥರ ಆಧಾರ್ ಪ್ರತಿ, ಬ್ಯಾಂಕ್ ಖಾತೆಯ ವಿವರ, ಪಿಂಚಣಿದಾರರ ಪಟ್ಟಿ ಇರುತ್ತವೆ. ಇವು ಗುಜರಿ ಅಂಗಡಿಗೆ ತಲುಪಿದರೆ ಸೈಬರ್ ವಂಚಕರ ಕೈ ಸೇರಬಹುದು. ಆದ್ದರಿಂದ ಡಿಸ್ಕ್ ಅನ್ನು ಬಿಚ್ಚಿ, ಮಾಹಿತಿಯನ್ನು ಪೂರ್ಣವಾಗಿ ತಿದ್ದಿ ಬರೆಯುವ ತಂತ್ರಾಂಶದಿಂದ ಅಳಿಸಬೇಕು ಅಥವಾ ಸಾಕ್ಷಿಗಳ ಸಮಕ್ಷಮ ಭೌತಿಕವಾಗಿ ನಾಶಪಡಿಸಿ ಮಹಜರು ಬರೆಯಬೇಕು. ಎಸ್‌ಎಸ್‌ಡಿ ಬಗೆಯ ಡಿಸ್ಕ್‌ಗಳಿಗೆ ತಯಾರಕರೇ ಒದಗಿಸುವ ಅಳಿಸುವ ಕ್ರಮವನ್ನು ಅನುಸರಿಸಬೇಕು. ಉಳಿದ ಭಾಗಗಳನ್ನು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಅನುಸಾರ ನೋಂದಾಯಿತ ಮರುಸಂಸ್ಕರಣಾದಾರರಿಗೆ ಒಪ್ಪಿಸಿ, ದಾಸ್ತಾನು ವಹಿಯಲ್ಲಿ ನಮೂದಿಸಬೇಕು.

9. ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

(1) ಹಳೆಯ ಯಂತ್ರದಲ್ಲಿರುವ ದಾಖಲೆಗಳ ಪಟ್ಟಿ ಸಿದ್ಧವಾಗಿದೆಯೇ?
(2) ಬ್ಯಾಕಪ್ ಪ್ರತಿಗಳು ಎಷ್ಟು, ಎಲ್ಲೆಲ್ಲಿ, ಯಾರ ವಶದಲ್ಲಿವೆ?
(3) ಬ್ಯಾಕಪ್ ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿದವರು ಯಾರು, ಯಾವ ದಿನ?
(4) ಈಗಿರುವ ಮುದ್ರಕ, ಸ್ಕ್ಯಾನರ್, ಬೆರಳಚ್ಚು ಸಾಧನ ಮತ್ತು ಡಿಜಿಟಲ್ ಸಹಿ ಟೋಕನ್ ಹೊಸ ಯಂತ್ರದಲ್ಲಿ ನಡೆಯುತ್ತವೆಯೇ?
(5) ಹಳೆಯ ಕನ್ನಡ ಕಡತಗಳು ಹೊಸ ಯಂತ್ರದಲ್ಲಿ ಸರಿಯಾಗಿ ಓದಲು ಬರುತ್ತವೆಯೇ?
(6) ಗುಪ್ತಪದ, ಮರುಪ್ರಾಪ್ತಿ ಕೀಲಿ ಮತ್ತು ಒಟಿಪಿ ಯಾರ ಹೆಸರಿನಲ್ಲಿವೆ?
(7) ಹೊಸ ಯಂತ್ರ ಕೈಕೊಟ್ಟರೆ ಮರುದಿನವೇ ಹಳೆಯದರಿಂದ ಕೆಲಸ ಮುಂದುವರಿಸಬಹುದೇ?
(8) ಹಳೆಯ ಡಿಸ್ಕ್ ಅನ್ನು ಏನು ಮಾಡಲಾಗುತ್ತದೆ?

10. ಮಾದರಿ ನಿರ್ಣಯ

‘ಕಚೇರಿಯ ಮುಖ್ಯ ಗಣಕಯಂತ್ರವು ಹಳೆಯದಾಗಿರುವುದರಿಂದ, ಅದಕ್ಕೆ ಹೊಂದಿಕೆಯಾಗುವ ಹೊಸ ಯಂತ್ರವನ್ನು ನಿಯಮಾನುಸಾರ ಖರೀದಿಸಲು ಸಭೆಯು ಅನುಮೋದಿಸಿತು. ಖರೀದಿಗೆ ಮುನ್ನ ಹಳೆಯ ಯಂತ್ರದಲ್ಲಿರುವ ದಾಖಲೆಗಳ ಪಟ್ಟಿ ಹಾಗೂ ಯಂತ್ರ ವಿವರಣಾ ಪತ್ರವನ್ನು ಸಿದ್ಧಪಡಿಸಲು, ಪರೀಕ್ಷಿಸಿದ ಬ್ಯಾಕಪ್ ಪ್ರತಿಗಳನ್ನು ಎರಡು ಪ್ರತ್ಯೇಕ ಸ್ಥಳಗಳಲ್ಲಿ ಇರಿಸಲು, ವರ್ಗಾವಣೆಯ ನಂತರ ತಾಳೆ ವರದಿಯನ್ನು ಮುಂದಿನ ಸಭೆಗೆ ಮಂಡಿಸಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರನ್ನು ಕೋರಲು ತೀರ್ಮಾನಿಸಲಾಯಿತು. ತಾಳೆ ವರದಿಯನ್ನು ಸಭೆ ಅಂಗೀಕರಿಸುವವರೆಗೆ ಹಳೆಯ ಯಂತ್ರವನ್ನು ಯಾವುದೇ ಕಾರಣಕ್ಕೂ ವಿಲೇವಾರಿ ಮಾಡಬಾರದೆಂದು ಸಭೆಯು ಸರ್ವಾನುಮತದಿಂದ ನಿರ್ಣಯಿಸಿತು.’

11. ಸಾರಾಂಶ

ಗಣಕಯಂತ್ರವು ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತದೆ, ಸದಸ್ಯರ ಅವಧಿ ಐದು ವರ್ಷಕ್ಕೆ ಮುಗಿಯುತ್ತದೆ, ಸಿಬ್ಬಂದಿ ವರ್ಗಾವಣೆಯಾಗುತ್ತಾರೆ. ಗ್ರಾಮದ ಮನೆ, ನಿವೇಶನ, ತೆರಿಗೆ ಮತ್ತು ತೀರ್ಮಾನಗಳ ದಾಖಲೆ ಮಾತ್ರ ತಲೆಮಾರುಗಳವರೆಗೆ ಬೇಕಾಗುತ್ತದೆ. ಯಂತ್ರವನ್ನು ಜೋಡಿಸುವುದು ತಂತ್ರಜ್ಞರ ಕೆಲಸ; ದಾಖಲೆ ಪೂರ್ಣವಾಗಿ ತಲುಪಿದೆಯೇ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸುವುದು ಸದಸ್ಯರ ಕೆಲಸ.

ಚರ್ಚೆಗೆ: (ಅ) ತಮ್ಮ ಪಂಚಾಯಿತಿಯ ಮುಖ್ಯ ಗಣಕಯಂತ್ರ ನಾಳೆ ಬೆಳಿಗ್ಗೆ ಚಾಲೂ ಆಗದಿದ್ದರೆ ನಿಲ್ಲುವ ಕೆಲಸಗಳು ಯಾವುವು? (ಆ) ಅಂತರ್ಜಾಲದ ತಂತ್ರಾಂಶಗಳಲ್ಲಿ ಇಲ್ಲದೆ, ಆ ಯಂತ್ರದಲ್ಲಿ ಮಾತ್ರ ಇರುವ ದಾಖಲೆಗಳು ಯಾವುವು? (ಇ) ಅವುಗಳ ಬ್ಯಾಕಪ್ ಪ್ರತಿಯನ್ನು ಕೊನೆಯ ಬಾರಿ ತೆರೆದು ನೋಡಿದ್ದು ಯಾವಾಗ? ಈ ಮೂರು ಪ್ರಶ್ನೆಗಳನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚಿಸಿ, ಉತ್ತರಗಳನ್ನು ನಡಾವಳಿಯಲ್ಲಿ ದಾಖಲಿಸುವುದು ಸೂಕ್ತ.